ಕಾಲರಿನೊಳಗಿನ ಕೆಂಪು ನೂಲು

ಹತ್ತನೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಮಗಳು ಬಂದು, ಶಾಲೆಯಲ್ಲಿ ಕೊಟ್ಟಿದ್ದ ಟ್ಯಾಬ್ಲೆಟನ್ನು ಅಂಗಿಯ ಮೇಲೆಯೇ ಇಟ್ಟಳು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದು ನಿಂತೆ.

"ಇವತ್ತೇ ಕೊನೆ ದಿನ ಅಮ್ಮ. ಎಲ್ಲರದೂ ಆಯ್ತು, ನಂದೊಂದೇ ಇಲ್ಲ."

'ನಮ್ಮ ಸುತ್ತಲಿನವರು' ಎಂಬ ಪಾಠವಂತೆ. ಪ್ರತಿ ಮಗುವೂ ಮನೆಯ ಹಿರಿಯರೊಬ್ಬರ ಕೆಲಸವನ್ನು ಎರಡು ನಿಮಿಷ ಚಿತ್ರಿಸಿ ಕಳಿಸಬೇಕು. ಮಧ್ಯಾಹ್ನ ತರಗತಿಯ ದೊಡ್ಡ ಪರದೆಯಲ್ಲಿ ಎಲ್ಲರದನ್ನೂ ತೋರಿಸುತ್ತಾರೆ, ತಂದೆತಾಯಿಯರೂ ಹೋಗಬೇಕು. ಒಂದು ವಾರದಿಂದ ನಾನು ಮುಂದೂಡುತ್ತ ಬಂದಿದ್ದೆ. ಅಜ್ಜಿಗೆ ಕೆಮ್ಮು ಎಂದೆ, ಸುಸ್ತು ಎಂದೆ, ಟ್ಯಾಬ್ಲೆಟಿಗೆ ಚಾರ್ಜಿಲ್ಲ ಎಂದೂ ಒಂದು ದಿನ ಹೇಳಿದೆ. ನಿಜ ಬೇರೆಯೇ ಇತ್ತು. ಅತ್ತೆಯ ನೆನಪು ಬಿಚ್ಚಿಕೊಳ್ಳುತ್ತ ಹೋಗುತ್ತಿದೆ, ಹೋದದ್ದು ಹಿಂದಕ್ಕೆ ಬರುವುದಿಲ್ಲ ಎಂದು ಡಾಕ್ಟರು ಹೇಳಿ ನಾಲ್ಕು ತಿಂಗಳಾಗಿತ್ತು. ಮಗುವಿಗೆ ಹೇಳುವುದು ಬೇಡವೆಂದು ನಾನೂ ನನ್ನವರೂ ತೀರ್ಮಾನಿಸಿದ್ದೆವು. ಹೇಳುವ ಕೆಲಸ ಹೇಗಿದ್ದರೂ ನನ್ನ ತಲೆಗೇ ಬರುತ್ತಿತ್ತು. ನನ್ನವರಿಗೆ ಬಟ್ಟೆ ಹಂಚುವ ಗಾಡಿ ಹತ್ತಿದರೆ ಲೋಕದ ಯಾವ ಮಾತೂ ಕೇಳಿಸುವುದಿಲ್ಲ.

ನಮ್ಮದು ಬಟ್ಟೆ ಒಗೆಯುವ ಅಂಗಡಿ. ಚೀಟಿ ಅಂಟಿಸುವ ಪದ್ಧತಿ ನಮ್ಮಲ್ಲಿಲ್ಲ. ಯಾರ ಬಟ್ಟೆ ಎಂದು ಗುರುತಿಸಲು ಕಾಲರಿನ ಒಳಗೆ ಕೆಂಪು ನೂಲಿನಲ್ಲಿ ಒಂದೊಂದು ಮನೆಗೂ ಒಂದೊಂದು ಗುರುತು. ಎರಡು ಚುಕ್ಕಿ, ಒಂದು ಓರೆ ಗೆರೆ ಇದ್ದರೆ ಗಡಿಯಾರ ರಿಪೇರಿಯವರದು. ಅಣ್ಣತಮ್ಮಂದಿರು ಬೇರೆಯಾದರೆ ತಮ್ಮನ ಗುರುತಿಗೆ ಒಂದು ಚುಕ್ಕಿ ಜಾಸ್ತಿ. ಇನ್ನೂರು ಮನೆಯ ಗುರುತೂ ಅತ್ತೆಯ ತಲೆಯಲ್ಲೇ ಇತ್ತು. ಬರೆದಿಡೋಣ ಎಂದರೆ, "ಬರೆದಿಟ್ರೆ ಬುದ್ಧಿಗೆ ತುಕ್ಕು ಹಿಡಿಯತ್ತೆ ಕಣೆ" ಎಂದು ನನ್ನನ್ನೇ ಆಡಿಕೊಳ್ಳುತ್ತಿದ್ದರು. ಈಗ ಹಳೆಯ ಕಾಲರು ನೋಡಿಕೊಂಡು ನಾನೇ ಹೊಲಿಯುತ್ತಿದ್ದೇನೆ. ನೂಲು ಸವೆದಿದ್ದರೆ ನನ್ನ ಕಥೆ ಮುಗಿಯಿತು. ಹೋದ ವಾರ ವಕೀಲರ ಅಂಗಿ ಹಲ್ಲಿನ ಡಾಕ್ಟರ ಮನೆಗೆ ಹೋಯಿತು. ಅವರು ಎರಡು ದಿನ ಹಾಕಿಕೊಂಡು, ಹೊಟ್ಟೆ ಕರಗಿದೆಯೆಂದು ಖುಷಿಪಟ್ಟಿದ್ದರಂತೆ.

ನಮ್ಮ ಮನೆಯಲ್ಲಿ ಮಗು ಹುಟ್ಟಿದರೂ ಅತ್ತೆ ಒಂದು ಹೊಸ ಗುರುತು ಕಟ್ಟುತ್ತಿದ್ದರು. ನನ್ನ ಮಗಳದು ಮೂರು ಚುಕ್ಕಿ, ಒಂದು ಪುಟ್ಟ ಬಾಲ. ನೋಡಲು ಗುಬ್ಬಿಯ ಹಾಗಿತ್ತು. ಅದರಿಂದಲೇ ಅವಳಿಗೆ ಗುಬ್ಬಿ ಎಂಬ ಹೆಸರು ನಿಂತಿತು.

ಆ ಬೆಳಿಗ್ಗೆ ಅತ್ತೆಯ ತಲೆ ಬಾಚಿ ಕಿಟಕಿಯ ಹತ್ತಿರ ಕೂರಿಸಿದೆ. ನನಗೆ ಚೆನ್ನಾಗಿ ಗೊತ್ತಿದ್ದ ನಾಲ್ಕು ಅಂಗಿಗಳನ್ನು ಆರಿಸಿ ಅವರ ಮಡಿಲಲ್ಲಿಟ್ಟೆ. ಗುಬ್ಬಿ ಟ್ಯಾಬ್ಲೆಟ್ ಹಿಡಿದಳು, ನಾನು ಅವಳ ಬೆನ್ನ ಹಿಂದೆ ನಿಂತು ಯಾವ ಅಂಗಿ ಯಾರ ಮನೆಯದೆಂದು ಪಿಸುಗುಟ್ಟಿದೆ. ಅತ್ತೆ ಅದನ್ನೇ ಹೇಳುತ್ತ ಹೋದರು. ನಾಲ್ಕೂ ಮುಗಿದವು. ಗೆದ್ದೆ ಅಂದುಕೊಂಡೆ.

ಎರಡು ನಿಮಿಷದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಗುಬ್ಬಿ ಒಂದು ಕೈಯಲ್ಲಿ ಟ್ಯಾಬ್ಲೆಟ್ ಹಿಡಿದೇ, ಇನ್ನೂ ತೊಟ್ಟಿರದ ತನ್ನ ಶಾಲೆಯ ಕೋಟಿನ ಕಾಲರನ್ನು ಮಡಚಿ ಅಜ್ಜಿಯ ಮುಂದೆ ಚಾಚಿದಳು. "ಅಜ್ಜಿ, ಇದು ಯಾರ್ದು?"

ಅತ್ತೆ ಹೆಬ್ಬೆರಳಿನಿಂದ ಆ ನೂಲನ್ನು ಬಹಳ ಹೊತ್ತು ಸವರಿದರು. ನಮ್ಮ ಗುಬ್ಬಿದು ಅನ್ನಿ ಅತ್ತೆ, ಎಂದು ಪಿಸುಗುಟ್ಟಿದೆ. ಅವರು ಅನ್ನಲಿಲ್ಲ.

"ಇದು ಹೊರಗಿನದು. ಯಾರೋ ಪ್ರೀತಿಯಿಂದ ಹೊಲಿದಿದಾರೆ. ಪಾಪ, ಅವರ ಮನೇಲಿ ಹುಡುಕ್ತಿರ್ತಾರೆ. ಬೇಗ ಕಳಿಸ್ಬಿಡಿ."

ಎರಡು ನಿಮಿಷ ಮುಗಿದು ಟ್ಯಾಬ್ಲೆಟ್ ತಾನೇ ನಿಂತಿತು, ತಾನೇ ಕಳಿಸಿಯೂಬಿಟ್ಟಿತು. ಅಳಿಸಲು ಬರುತ್ತದೆಯೇ ಎಂದು ಕೇಳಿದೆ. ಟೀಚರ್ ಮಾತ್ರ ಅಳಿಸಬಹುದು ಎಂದಳು. ಕೋಟು ತೊಟ್ಟು ಕತ್ತಿನವರೆಗೂ ಗುಂಡಿ ಹಾಕಿಕೊಂಡಳು.

ಮಧ್ಯಾಹ್ನ ಮಕ್ಕಳ ಪುಟ್ಟ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕುಳಿತೆ. ಒಬ್ಬನ ತಾತ ಬೀಗ ಬಿಚ್ಚಿ ತೋರಿಸಿದರು, ಒಬ್ಬಳ ಅಜ್ಜಿ ಬುಟ್ಟಿ ಹೆಣೆದರು. ಆಮೇಲೆ ಗೋಡೆಯ ತುಂಬ ನಮ್ಮ ಅತ್ತೆ. ದೊಡ್ಡ ಸ್ಪೀಕರಿನಲ್ಲಿ ಮೊದಲು ಕೇಳಿದ್ದು ನನ್ನ ಪಿಸುಮಾತು, ಅತ್ತೆಯ ದನಿಗಿಂತ ಜೋರಾಗಿ. ಆಡಿದ ಮಾತನ್ನೆಲ್ಲ ಯಂತ್ರ ತಾನೇ ಪರದೆಯ ಕೆಳಗೆ ಬರೆಯುತ್ತ ಹೋಗುತ್ತದೆ. ನನ್ನ ಮಾತನ್ನೂ ಅತ್ತೆಯ ಮುಖದ ಕೆಳಗೆ ಬರೆದಿತ್ತು. ಮಕ್ಕಳು ನಕ್ಕರು. 'ಇದು ಹೊರಗಿನದು' ಎಂದಾಗ ಇನ್ನೂ ನಕ್ಕರು.

ಟೀಚರ್ ಒಳ್ಳೆಯವರು. ಅಜ್ಜಿ ತುಂಬಾ ತಮಾಷೆಯವರು ಎಂದು ಹೇಳಿ ಪರದೆಯಲ್ಲಿ ಒಂದು ನಕ್ಷತ್ರ ಹಾಕಿದರು. ಆ ಗುರುತು ನಿಜವಾಗಿ ಯಾರದು, ನೀನೇ ಹೇಳು ಎಂದು ಗುಬ್ಬಿಯನ್ನು ಕೇಳಿದರು.

ಗುಬ್ಬಿ ಎದ್ದು ನಿಂತಳು. "ಗೊತ್ತಿಲ್ಲ ಟೀಚರ್," ಎಂದಳು.

ದಾರಿಯುದ್ದಕ್ಕೂ ಅವಳು ನನ್ನ ಕೈ ಹಿಡಿಯಲಿಲ್ಲ. ಬೆನ್ನಿನ ಮೇಲಿನ ಚೀಲವನ್ನು ಹಿಂದಿನಿಂದ ಎತ್ತಿ ಹಿಡಿದೆ, ಭಾರ ತಿಳಿಯದಿರಲಿ ಎಂದು. ಅವಳು ಮುಂದೆ ಮುಂದೆ ನಡೆದು ಅದನ್ನೂ ಬಿಡಿಸಿಕೊಂಡಳು.

ಮನೆಯಲ್ಲಿ ಅತ್ತೆ ಒಬ್ಬರೇ ಮಂಚದ ದೊಡ್ಡ ಹಾಸುಬಟ್ಟೆ ಮಡಚಲು ಹೆಣಗುತ್ತಿದ್ದರು. ಅದು ಇಬ್ಬರ ಕೆಲಸ. ಒಬ್ಬೊಬ್ಬರು ಎರಡೆರಡು ತುದಿ ಹಿಡಿದು, ಕೊಡವಿ, ಎದುರುಬದುರು ನಡೆದು ಸೇರಬೇಕು. ಗುಬ್ಬಿ ಚೀಲವಿಟ್ಟು ಆಚೆಯ ತುದಿಗಳನ್ನು ಹಿಡಿದಳು. ಕೊಡವಿದರು, ನಡೆದು ಬಂದು ಸೇರಿದರು. ಅತ್ತೆಯ ಕೈ ಒಂದೂ ತಪ್ಪಲಿಲ್ಲ. ತುದಿಗಳನ್ನು ಅವಳ ಕೈಯಿಂದ ತೆಗೆದುಕೊಂಡು ಅಕ್ಕರೆಯಿಂದ ನಕ್ಕರು.

"ಜಾಣೆ ಕಣಮ್ಮ ನೀನು. ನಿಮ್ಮಮ್ಮ ಕಾಯ್ತಿರ್ತಾಳೆ, ಮನೆಗೆ ಹೋಗು."

ನಾನು ತಣ್ಣಗಿದ್ದ ಇಸ್ತ್ರಿಪೆಟ್ಟಿಗೆಯನ್ನು ಅಂಗಿಯೊಂದರ ಮೇಲೆ ಸುಮ್ಮನೆ ಓಡಿಸುತ್ತಿದ್ದೆ. ಅಜ್ಜಿಗೆ ಸುಸ್ತು ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಗುಬ್ಬಿ ನನ್ನ ಕಡೆ ತಿರುಗಿದಳು. ಕತ್ತಿನವರೆಗೂ ಹಾಕಿದ್ದ ಗುಂಡಿಗಳನ್ನು ಇನ್ನೂ ಬಿಚ್ಚಿರಲಿಲ್ಲ.

"ಅಮ್ಮ," ಎಂದಳು, "ಅಜ್ಜಿಗೆ ನಾನು ಯಾವಾಗಿಂದ ಗೊತ್ತಿಲ್ಲ?"