ಹೂವಿನ ಧೂಳು ಬಿಳಿಯೋ ಹಳದಿಯೋ

ನಮ್ಮ ನರ್ಸರಿಯಲ್ಲಿ ಗಿಡಕ್ಕೆ ಯಾರು ಬೇಕಾದರೂ ನೀರು ಹಾಕಬಹುದು, ಗೊಬ್ಬರ ಹಾಕಬಹುದು, ಸಿಟ್ಟು ಬಂದರೆ ಬೈಯಲೂಬಹುದು. ಚೀಟಿ ಬರೆಯುವುದು ಮಾತ್ರ ನಮ್ಮ ಅತ್ತೆ ಒಬ್ಬರೇ. ಚೀಟಿ ಅಂದರೆ ಕುಂಡದ ಮಣ್ಣಿಗೆ ಚುಚ್ಚುವ ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಗಿಡದ ಹೆಸರು, ಬಿತ್ತಿದ ತಿಂಗಳು. ಬರೆಯುವುದು ಪೆನ್ಸಿಲ್ಲಿನಲ್ಲೇ, ಏಕೆಂದರೆ ಶಾಯಿ ನಾಲ್ಕು ಬಿಸಿಲಿಗೆ ಹಾರಿಹೋಗುತ್ತದೆ. ಆ ಪೆನ್ಸಿಲ್ ಮೂವತ್ತೊಂದು ವರ್ಷದಿಂದ ಅತ್ತೆಯ ಏಪ್ರನ್ನಿನ ಜೇಬಿನಲ್ಲಿದೆ.

ನನಗೆ ಆ ಪೆನ್ಸಿಲ್ ಬೇಕಾಗಿತ್ತು. ಸುಮ್ಮನೆ ಅಲ್ಲ, ಹಟ ಹಿಡಿದು ಬೇಕಾಗಿತ್ತು. ಮದುವೆಗೆ ಮುಂಚೆ ನಾನು ಟೈಲರ್. ಏಳು ವರ್ಷ ಒಂದು ಅಂಗಡಿಯಲ್ಲಿ ಅಳತೆ ತೆಗೆದು, ಬಟ್ಟೆ ಕತ್ತರಿಸಿ, ಹೊಲಿದು ಕೊಟ್ಟವಳು. ಅಲ್ಲಿ ನನ್ನ ಕೈಬರಹದ ಅಳತೆ ಪುಸ್ತಕವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಇಲ್ಲಿ ಬಂದು ಮೂರು ವರ್ಷವಾದರೂ ನಾನು ಬರೀ ನೀರು ಹಾಕುವವಳು. ಗಿರಾಕಿಗಳು ನನ್ನನ್ನು ಏನಾದರೂ ಕೇಳಿ, ನಾನು ಉತ್ತರ ಕೊಟ್ಟ ಮೇಲೂ, “ಅಮ್ಮಾವರನ್ನ ಒಂದ್ಮಾತು ಕೇಳ್ತೀವಿ” ಎಂದು ಒಳಗೆ ಹೋಗುತ್ತಿದ್ದರು. ನನಗೆ ಉರಿದುಹೋಗುತ್ತಿತ್ತು. ನನ್ನ ನಾಲಿಗೆಯ ಚೂಪು ನೋಡಿ ಮಾವ ನನಗೆ ಸೂಜಿ ಎಂದು ಹೆಸರಿಟ್ಟಿದ್ದರು. ಹಳೆಯ ಕಸುಬಿಗೂ ಅದು ಹೊಂದುತ್ತಿತ್ತು.

ಪೆನ್ಸಿಲ್ ಬೇಕಾದವರಿಗೆ ಅತ್ತೆ ಇಟ್ಟಿದ್ದ ಪರೀಕ್ಷೆ ಕೋನ್‌ಫ್ಲವರ್. ನಡುವೆ ಗೋಪುರದಂತೆ ಎದ್ದ ಮುಳ್ಳುಮುಳ್ಳಿನ ತಲೆ, ಸುತ್ತ ನೇರಳೆ ಎಸಳು. ಮಾವ ಅದನ್ನು ಮುಳ್ಳಂದಿ ಹೂವು ಅನ್ನುತ್ತಾರೆ. ನೋಡಲು ಎಲ್ಲ ಒಂದೇ, ಜಾತಿ ಮಾತ್ರ ಬೇರೆ ಬೇರೆ. “ಕೋನ್‌ಫ್ಲವರ್‌ನ ಎಲೇಲಿ, ಬೀಜದಲ್ಲಿ, ಹೂವಲ್ಲಿ ಮೂರರಲ್ಲೂ ಗುರುತು ಹಿಡಿದ್ರೆ ಪೆನ್ಸಿಲ್ ನಿಂದು. ಒಂದರಲ್ಲಿ ತಪ್ಪಿದ್ರೂ ಮುಂದಿನ ವರ್ಷ,” ಎಂದಿದ್ದರು ಅತ್ತೆ.

ಎಲೆಯಲ್ಲಿ ನಾನು ಸಲೀಸಾಗಿ ಪಾಸಾದೆ. ಬಟ್ಟೆ ಮುಟ್ಟಿ ಬದುಕಿದ ಕೈಗೆ ಎಲೆ ಯಾವ ಲೆಕ್ಕ? ಬುಡ ಅಗಲವಾಗಿ, ಅಂಚು ಕಚ್ಚುಕಚ್ಚಾಗಿದ್ದರೆ ಅದು ಅಗಲೆಲೆ. ಕಿರಿದಾಗಿ ಉದ್ದಕ್ಕೆ, ಅಂಚು ನುಣ್ಣಗೆ ಕತ್ತರಿಸಿದಂತೆ ಇದ್ದು ಮೇಲೆಲ್ಲ ಒರಟು ಕೂದಲಿದ್ದರೆ ಅದು ಸಣ್ಣೆಲೆ, ಇಲ್ಲವೇ ಜೋಲು. ಇವೆಲ್ಲ ನಮ್ಮ ಮನೆಯ ಹೆಸರುಗಳು. ಜೋಲು ಅಂದರೆ ತೆಳು ಬಣ್ಣದ ಉದ್ದ ಎಸಳುಗಳು ಕೆಳಕ್ಕೆ ಜೋತುಬಿದ್ದಿರುವ ಜಾತಿ. ಬೀಜದಲ್ಲೂ ಪಾಸಾದೆ. ಅಗಲೆಲೆಯ ಬೀಜ ಪೂರ್ತಿ ಬಿಳಿಚು. ಉಳಿದೆರಡರ ಬೀಜಕ್ಕೆ ಟೀಯಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ತುದಿಯಲ್ಲಿ ಕಂದು ಪಟ್ಟಿ.

ಸಣ್ಣೆಲೆ, ಜೋಲು ಇವೆರಡೇ ತಲೆನೋವು. ಎಲೆಯಲ್ಲೂ ಅಕ್ಕತಂಗಿಯರು, ಬೀಜದಲ್ಲೂ ಅಕ್ಕತಂಗಿಯರು. ಜೋಲಿನ ಎಸಳು ಉದ್ದ ನಿಜ, ಆದರೆ ಕುಂಡದಲ್ಲಿ ಬೆಳೆದರೆ ಅದೂ ಗಿಡ್ಡವಾಗಬಹುದು. ಮೋಸ ಮಾಡದ ಗುರುತು ಒಂದೇ, ಹೂವಿನ ಧೂಳು. ಜೋಲಿನ ಪರಾಗ ಬಿಳಿ, ಸಣ್ಣೆಲೆಯದು ಹಳದಿ. ಮುಳ್ಳುತಲೆಯ ಸುತ್ತ ಬೆರಳಾಡಿಸಿ ನೋಡಿದರೆ ಮುಗಿಯಿತು.

ಹೂವಿನ ಪರೀಕ್ಷೆಯ ದಿನ ಬೆಳಿಗ್ಗೆ ಮಾವ ನನ್ನನ್ನು ಗೇಟಿನ ಹತ್ತಿರ ಕರೆದರು. ಹೂ ಬಿಡುವ ಕಾಲದಲ್ಲಿ ಅವರಿಗೆ ಒಂದೇ ಸಮನೆ ಸೀನು, ಅದಕ್ಕೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಗೇಟಿನಲ್ಲೇ ಕೂರುತ್ತಾರೆ.

“ಸೂಜಿ, ಇವತ್ತು ನಿಮ್ಮತ್ತೆ ನಿಂಗೆ ಪೆನ್ಸಿಲ್ ಕೊಟ್ಟುಬಿಡ್ತಾಳೆ. ನಾನು ಹೇಳ್ದೆ ಅಂತ ಹೇಳ್ಬೇಡ.”

“ಪರೀಕ್ಷೇನೇ ಆಗಿಲ್ವಲ್ಲ ಮಾವ?”

“ಅವಳ ಕಣ್ಣಿಗೆ ಪೊರೆ ಬರ್ತಿದೆ ಕಣಮ್ಮಾ. ಬಿಳೀದೆಲ್ಲ ಹಳದಿ ಕಾಣುತ್ತಂತೆ. ಅವಳ ಅಮ್ಮನಿಗೂ ಹಂಗೇ ಶುರುವಾಗಿದ್ದು. ಒಂದು ವಾರದಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ. ಸೋಮವಾರ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು. ನನ್ನ ಅಂಗಿ ಯಾವ ಬಣ್ಣ ಕಾಣುತ್ತೆ ನೋಡು ಅಂದೆ, ಹಳದಿ ಅಂದ್ಳು. ನನ್ನ ಅಂಗಿ ಮೊದಲೇ ಹಳದಿ ತಿರುಗಿದೆ, ಏನಂತ ತಿಳ್ಕೊಳ್ಳಲಿ?”

ಸುಳ್ಳೇಕೆ ಹೇಳಲಿ, ಮೊದಲು ನನಗಾದದ್ದು ಸಂತೋಷ. ಕನಿಕರ ಅದರ ಹಿಂದೆ ಓಡೋಡಿ ಬಂತು, ಅಷ್ಟರಲ್ಲಿ ಸಂತೋಷ ಕುರ್ಚಿ ಹಾಕಿಕೊಂಡು ಕೂತುಬಿಟ್ಟಿತ್ತು.

ಹತ್ತು ಗಂಟೆಗೆ ಅತ್ತೆ ನನ್ನನ್ನು ಮುಂದಿನ ಸಾಲಿಗೆ ಕರೆದುಕೊಂಡು ಹೋದರು. ನಲವತ್ತು ಕುಂಡ, ಸುಮಾರು ಮೂರು ವರ್ಷ ಸಾಕಿದ ಗಿಡಗಳು, ಮೊದಲನೆಯ ಹೂವು. ಚೀಟಿಯಲ್ಲಿ ಅತ್ತೆಯ ದುಂಡು ಅಕ್ಷರ: ಜೋಲು. ಸಂಜೆ ನಾಲ್ಕಕ್ಕೆ ಶಾಲೆಯ ತೋಟಕ್ಕೆಂದು ಮೇಷ್ಟ್ರು ಬಂದು ಅಷ್ಟನ್ನೂ ಒಯ್ಯುವವರಿದ್ದರು.

ಅತ್ತೆ ಒಂದು ಹೂವಿನ ತಲೆಯ ಸುತ್ತ ಬೆರಳಾಡಿಸಿ, ಬೆರಳನ್ನು ನನ್ನ ಮುಖದ ಮುಂದೆ ಹಿಡಿದರು.

“ಧೂಳು ಯಾವ ಬಣ್ಣ? ಸರಿಯಾಗಿ ನೋಡಿ ಹೇಳು.”

ನೋಡಿದೆ. ಹಳದಿ. ನಿಂಬೆಹಣ್ಣಿನ ಸಿಪ್ಪೆಯಷ್ಟು ಹಳದಿ. ಎಸಳು ನೋಡಿದೆ, ಗಿಡ್ಡ. ಇದು ಜೋಲು ಅಲ್ಲವೇ ಅಲ್ಲ, ಶುದ್ಧ ಸಣ್ಣೆಲೆ! ಮೂವತ್ತೊಂದು ವರ್ಷ ಒಂದು ಚೀಟಿಯೂ ತಪ್ಪದ ಅತ್ತೆಯ ಚೀಟಿ ಹೇಗೆ ತಪ್ಪಿತು ಎಂದು ಯೋಚಿಸುವಷ್ಟರಲ್ಲಿ ನನಗೆ ಬೀಜದ ತಟ್ಟೆಗಳು ನೆನಪಾದವು.

ತಪ್ಪಿಸಿದವಳು ನಾನೇ. ಮದುವೆಯಾದ ಹೊಸತು. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಹುಚ್ಚು. ಬೀಜದ ಕೋಣೆಯ ಕಿಟಕಿ ಕಟ್ಟೆಯ ಮೇಲೆ ಎರಡು ತಟ್ಟೆಗಳಲ್ಲಿ ಬೀಜ ಒಣಗುತ್ತಿದ್ದವು. ಎರಡೂ ಕಂದು ಪಟ್ಟಿಯವೇ. ತಟ್ಟೆಗಳನ್ನೆತ್ತಿ, ಕಟ್ಟೆ ಒರೆಸಿ, ಮತ್ತೆ ಇಟ್ಟೆ. ಹೇಗೆ ಇಟ್ಟೆ? ಟೈಲರ್ ಅಂಗಡಿಯಲ್ಲಿ ಗುಂಡಿಗಳನ್ನು ಇಡುವ ಹಾಗೆ, ಟೈಲರ್ ಕಣ್ಣಿಗಷ್ಟೇ ಕಾಣುವಂತೆ ಒಂದೆಳೆ ದಪ್ಪನೆಯದು ಎಡಕ್ಕೆ, ಸಣ್ಣದು ಬಲಕ್ಕೆ. ಮೊದಲು ಯಾವುದು ಎಲ್ಲಿತ್ತು ಎಂದು ನೋಡಬೇಕು ಅನ್ನುವುದು ನನಗೆ ಹೊಳೆಯಲೇ ಇಲ್ಲ. ಅಕ್ಕತಂಗಿಯರಂಥ ಆ ಬೀಜಗಳನ್ನು ಅತ್ತೆ ಗುರುತಿಟ್ಟುಕೊಂಡಿದ್ದದ್ದು ಜಾಗದಿಂದ. ಎಡದ್ದು ಸಣ್ಣೆಲೆ, ಬಲದ್ದು ಜೋಲು. ಮಾರನೆಯ ವಾರ ಅವರು ಹಾಗೇ ಬಿತ್ತಿದರು, ಹಾಗೇ ಚೀಟಿ ಬರೆದರು.

ಈಗ ಹೂವು ಅರಳಿತ್ತು. ಅತ್ತೆಗೆ ಜೋಲಿನ ಮೇಲೆ ಹಳದಿ ಧೂಳು ಕಂಡಿತ್ತು. ತಾನು ಬರೆದ ಚೀಟಿ ತಪ್ಪಿದ್ದೀತು ಎಂದು ಆ ಹೆಂಗಸು ಅಂದುಕೊಳ್ಳಲೇ ಇಲ್ಲ. ಕಣ್ಣೇ ಹೋಗಿದೆ ಅಂದುಕೊಂಡರು.

ಇಷ್ಟೆಲ್ಲ ನನಗೆ ಒಂದು ಉಸಿರಿನಲ್ಲಿ ಹೊಳೆಯಿತು. ಹಳದಿ ಅಂದರೆ ನನ್ನ ತಪ್ಪು ಬಯಲು, ಅತ್ತೆಯ ಕಣ್ಣು ಸರಿ, ಬೀಜ ಅದಲುಬದಲು ಮಾಡಿದವಳಿಗೆ ಯಾರು ಕೊಡುತ್ತಾರೆ, ಪೆನ್ಸಿಲ್ ಅವರ ಜೇಬಿನಲ್ಲೇ. ಬಿಳಿ ಅಂದರೆ ಪೆನ್ಸಿಲ್ ನನ್ನದು.

“ಬಿಳಿ,” ಅಂದೆ.

“ಬಿಳೀನಾ?”

“ಬಿಳಿ ಅತ್ತೆ.”

ಅತ್ತೆ ಬೆರಳನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿಕೊಂಡರು. ಆಮೇಲೆ ಏಪ್ರನ್ನಿಗೆ ಒರೆಸಿದರು. “ಸರಿ ಬಿಡು. ಪಾಸಾದೆ,” ಎಂದು ಪೆನ್ಸಿಲ್ ತೆಗೆದು ನನ್ನ ಅಂಗೈಯಲ್ಲಿಟ್ಟರು. “ಈ ಸಾಲಿನ ಚೀಟಿ ಮಾಸಿವೆ. ಮೇಷ್ಟ್ರು ಬರೋ ಹೊತ್ತಿಗೆ ಹೊಸದು ಬರೆದುಬಿಡಮ್ಮ.” ಬೈಗುಳವಿಲ್ಲ, ಕೊಂಕಿಲ್ಲ. ಬೀಜದ ಕೋಣೆಗೆ ಹೋಗಿ ಬೋರಲು ಹಾಕಿದ ಕುಂಡದ ಮೇಲೆ ಕೂತರು. ಕೆಲಸದ ಹೊತ್ತಿನಲ್ಲಿ ಅತ್ತೆ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಲವತ್ತು ಹೊಸ ಪಟ್ಟಿ ತಂದು ಹರಡಿಕೊಂಡೆ. ಪೆನ್ಸಿಲ್ ಹಿಡಿದೆ. ಮೂರು ವರ್ಷ ಬಾಯಿ ಬಾಯಿ ಬಿಟ್ಟ ಪೆನ್ಸಿಲ್. ಆದರೆ ಬರೆಯಬೇಕಾದ ಎರಡಕ್ಷರ ಇಳಿಯಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಅಳತೆ ಬರೆದುಕೊಂಡ ಟೈಲರ್ ಜಗತ್ತಿನಲ್ಲಿ ಯಾವಳಾದರೂ ಇದ್ದಾಳೆಯೇ? ಸಾಲದ್ದಕ್ಕೆ ಬೀಜದ ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗೆ ಅತ್ತೆ ತಮ್ಮ ಕೈಯನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಬರೆದದ್ದು ಒಂದೇ ಚೀಟಿ. ಅದನ್ನೂ ಒಂದು ಕುಂಡವನ್ನೂ ಎತ್ತಿಕೊಂಡು ಹೋಗಿ ಅತ್ತೆಯ ಮುಂದಿಟ್ಟೆ.

ಅತ್ತೆ ಚೀಟಿಯನ್ನು ಕಣ್ಣಿನ ಹತ್ತಿರ ತಂದರು. “ಏನೇ ಇದು ಕಾಗೆ ಕಾಲು ಗುಬ್ಬಿ ಕಾಲು! ಸಣ್ಣೆಲೆ ಅಂತ ಯಾಕೆ ಬರ್ದಿದೀಯ?”

“ಅದು ಸಣ್ಣೆಲೇನೇ ಅತ್ತೆ.”

“ಧೂಳು ಬಿಳಿ ಅಂದ್ಯಲ್ಲ?”

“ಸುಳ್ಳು ಹೇಳ್ದೆ. ಧೂಳು ಹಳದಿ. ನಿಮಗೆ ಕಂಡಿದ್ದೇ ಸರಿ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಬೀಜದ ತಟ್ಟೆ ಅದಲುಬದಲು ಮಾಡಿದೋಳು ನಾನು.” ತಟ್ಟೆ, ಗುಂಡಿ, ಕಟ್ಟೆ ಒರೆಸಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಅದಕ್ಕೆ ಬೇರೆ ನನಗೆ ಸಿಟ್ಟು.

ಅತ್ತೆ ಎದ್ದರು. ಹೊಡೆಯುತ್ತಾರೇನೋ ಅಂದುಕೊಂಡೆ. ಅವರು ನನ್ನನ್ನು ದಾಟಿಕೊಂಡು ಗಾಜಿನ ಮನೆಯ ಹಿಂದಕ್ಕೆ ನಡೆದರು. ಸಣ್ಣೆಲೆ ಎಂದು ಚೀಟಿಯಿದ್ದ ಕುಂಡಗಳಿದ್ದದ್ದು ಅಲ್ಲಿ, ನೆರಳಿನಲ್ಲಿ. ಅವು ಹೂಬಿಡುವುದು ತಡವಾಗಿ ಅವತ್ತಿನವರೆಗೂ ಬರೀ ಮೊಗ್ಗು. ಅವತ್ತು ಬೆಳಿಗ್ಗೆ ಒಂದೇ ಒಂದು ಅರಳಿತ್ತು. ಅತ್ತೆ ಅದರ ಸುತ್ತ ಬೆರಳಾಡಿಸಿದರು, ನೋಡಿದರು, ಅಲ್ಲಿಂದಲೇ ಗೇಟಿಗೆ ಕೇಳುವ ಹಾಗೆ ಕೂಗಿದರು.

“ಏನ್ರೀ! ಬನ್ನಿ ಇಲ್ಲಿ! ಇದು ಯಾವ ಬಣ್ಣ ಹೇಳಿ!”

ಮಾವ ಕರವಸ್ತ್ರ ಒತ್ತಿ ಹಿಡಿದು ಓಡಿಬಂದರು. “ಬಿಳಿ. ದೂರ ಹಿಡಿಯೇ ಮಾರಾಯ್ತಿ!” ಎಂದು ಆರು ಸಲ ಸೀನಿದರು.

“ನಂಗೂ ಬಿಳೀನೇ!” ಅಂದರು ಅತ್ತೆ. ಆಮೇಲೆ ನಕ್ಕರು ನೋಡಿ. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿಕೊಂಡು. ನಗು ಮುಗಿದ ತಕ್ಷಣ ಬೈಗುಳ ಶುರುವಾಯಿತು. ನನ್ನ ಕೈಗೆ, ಕಾಲಿಗೆ, ನನಗೆ ಹೊಲಿಗೆ ಕಲಿಸಿದವರಿಗೆ, ಒರೆಸುವ ಬಟ್ಟೆಗೆ ಯಾವುದಕ್ಕೂ ರಿಯಾಯಿತಿ ಇರಲಿಲ್ಲ. ತಪ್ಪು ನನ್ನದೇ ಎಂದು ತಲೆ ತಗ್ಗಿಸಿ ಕೇಳಿದೆ. ಆದರೂ ಸೂಜಿ ಸೂಜಿಯೇ.

“ಜಗತ್ತಿನ ಗಿಡಕ್ಕೆಲ್ಲ ಚೀಟಿ ಚುಚ್ತೀರಿ. ಆ ಎರಡು ತಟ್ಟೆಗೆ ಎರಡು ಚೀಟಿ ಇಟ್ಟಿದ್ರೆ ಏನು ಗಂಟು ಹೋಗ್ತಿತ್ತು?”

“ದೀಪದ ಬುಡದಲ್ಲೇ ಕತ್ತಲೆ,” ಎಂದು ಕರವಸ್ತ್ರದೊಳಗಿಂದ ಗೊಣಗಿದ ಮಾವನಿಗೆ ಅತ್ತೆಯ ಒಂದು ಉರಿನೋಟ ಸಿಕ್ಕಿತು. ನನ್ನ ಕಡೆ ಅತ್ತೆಯ ಕೈ ಚಾಚಿತು.

“ಕೊಡು ಇಲ್ಲಿ.”

“ಅತ್ತೆ, ಪರೀಕ್ಷೆ?”

“ಫೇಲು. ಬಿಳಿ ಅಂದ್ಯಲ್ಲ?”

“ಆಮೇಲೆ ಸರಿಯಾಗಿ ಹೇಳಿದ್ನಲ್ಲ!”

“ಆಮೇಲೆ ಹೇಳಿದ್ದು ನನಗೆ. ನನ್ನ ಕಣ್ಣು ನನಗೆ ವಾಪಸ್ ಕೊಟ್ಟೆ, ನೀನು ಚೆನ್ನಾಗಿರು. ಆದ್ರೆ ಚೀಟಿಗೆ ಆಮೇಲೆ ಅನ್ನೋದಿಲ್ಲ. ಮುಂದಿನ ಹೂವಿಗೆ ನೋಡೋಣ.” ಪೆನ್ಸಿಲ್ ಜೇಬಿಗಿಳಿಯಿತು. ಮಾವನ ಕಡೆ ತಿರುಗಿ, “ಡಾಕ್ಟ್ರಿಗೆ ಫೋನ್ ಮಾಡಿ ಬೇಡ ಅನ್ನಿ. ನನ್ನ ಕಣ್ಣು ನೆಟ್ಟಗಿದೆ, ಸೊಟ್ಟಗಿರೋದು ಸೊಸೆ!” ಎಂದರು.

ಎರಡು ಸಾಲಿನ ಚೀಟಿಗಳನ್ನೂ ಉಜ್ಜಿ ಅಳಿಸಿದವಳು ನಾನು, ಹೊಸದಾಗಿ ಬರೆದವರು ಅವರು. ನಾನು ಬರೆದಿದ್ದ ಒಂದನ್ನೂ, ಸರಿಯಾಗಿದ್ದರೂ, ಅಕ್ಷರ ಸರಿಯಿಲ್ಲವೆಂದು ಅಳಿಸಿದರು. ನಾಲ್ಕಕ್ಕೆ ಮೇಷ್ಟ್ರು ಬಂದು, ಗಾಜಿನ ಮನೆಯ ಹಿಂದಿನ ನಲವತ್ತು ಕುಂಡ ತುಂಬಿಸಿಕೊಂಡು ಹೋದರು. ಅವರಿಗೆ ಸಿಕ್ಕಿದ್ದು ಅಪ್ಪಟ ಜೋಲು.

ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಮುಖ ಊದಿಸಿಕೊಂಡೇ ನೀರಿನ ಕ್ಯಾನ್ ಎತ್ತಿಕೊಂಡು ಹೊರಟೆ. ಅತ್ತೆ ನನ್ನ ಮುಂದೆ ನಡೆಯುತ್ತಿದ್ದರು. ಒಂದು ವಾರದಿಂದ ನೆಲ ನೋಡಿಕೊಂಡು ನಡೆಯುತ್ತಿದ್ದವರು ಈಗ ತಲೆಯೆತ್ತಿ, ಸೊಂಟದ ಮೇಲೆ ಕೈಯಿಟ್ಟು, ಹತ್ತು ಹೆಜ್ಜೆ ದೂರದಿಂದಲೇ, ಬಗ್ಗದೆ, ಚೀಟಿ ಮುಟ್ಟದೆ, ಒಂದೊಂದು ಗಿಡದ ಹೆಸರನ್ನೂ ಗಟ್ಟಿಯಾಗಿ ಹೇಳುತ್ತಾ ಹೋಗುತ್ತಿದ್ದರು. “ಅಗಲೆಲೆ. ಅಗಲೆಲೆ. ಸಣ್ಣೆಲೆ. ಅದು ಅಗಲೆಲೆ, ಬುಡದಲ್ಲಿ ಹುಳ ಬಿದ್ದಿದೆ. ಆ ಮೂಲೇದು ಜೋಲು.” ಯಾರಿಗೂ ಹೇಳುತ್ತಿರಲಿಲ್ಲ, ಸುಮ್ಮನೆ ಹೇಳುತ್ತಿದ್ದರು.

ನಾನು ನೀರು ಹಾಕುತ್ತಾ ಹಿಂದೆ ಹಿಂದೆ ಹೋದೆ. ಪ್ರತಿ ಕುಂಡದ ಹತ್ತಿರವೂ ಬಗ್ಗಿ ಎಲೆ ಮುಟ್ಟಿದೆ, ಹೂವಿದ್ದರೆ ಧೂಳು ನೋಡಿದೆ. ಒಂದೂ ತಪ್ಪಿರಲಿಲ್ಲ.