ಹಿಂದೆ ಹಕ್ಕಿ ಬಾರದ ಬಿತ್ತನೆ

ಚೀಲದಿಂದ ಎದ್ದ ಟ್ಯಾಮ್ಸಿನ್ ರಡ್ಜ್‌ಳ ಮುಷ್ಟಿ ಸೊಂಟದ ಬಳಿ ಅರೆಗಳಿಗೆ ತಡೆಯುತ್ತಿತ್ತು. ಗೋಧಿ ಲಂಗದ ಒಳಮಡಿಕೆಗೆ ಜಾರುತ್ತಿತ್ತು. ಆಮೇಲೆ ಖಾಲಿ ಕೈ ಗಾಳಿಯಲ್ಲಿ ಠೀವಿಯಿಂದ ಅರ್ಧಚಂದ್ರ ಬರೆಯುತ್ತಿತ್ತು. ತನ್ನೂರು ಡೆವನ್ನಿನಲ್ಲಿ ಅವಳಪ್ಪ ಬಿತ್ತುತ್ತಿದ್ದುದು ಹೀಗೆಯೇ, ಎರಡು ಹೆಜ್ಜೆಗೊಂದು ಬೀಸು. ಅವನ ಕೈಯಿಂದ ಕಾಳು ಬೀಳುತ್ತಿತ್ತು, ಅಷ್ಟೇ ವ್ಯತ್ಯಾಸ.

ಕೈದಿಗಳ ಹಡಗು ನ್ಯೂ ಸೌತ್ ವೇಲ್ಸಿನ ಈ ಕೊಲ್ಲಿಗೆ ಬಂದು ಒಂಬತ್ತು ತಿಂಗಳು. ಬಿತ್ತನೆ ಗೋಧಿ ಉಳಿದದ್ದು ಇದೊಂದೇ ಚೀಲ; ಹಿಡಿ ಕದ್ದರೂ ನೇಣು. ಗುಡ್ಡದ ಮೇಲಿನ ಡೇರೆಯಿಂದ ದಳಪತಿಯ ಅಪ್ಪಣೆಯಾಗಿತ್ತು: ಅಕ್ಟೋಬರ್ ಬಂತು, ಬಿತ್ತಿ. ಊರಲ್ಲಿ ಅಕ್ಟೋಬರ್ ಎಂದರೆ ಚಳಿಯ ಹೊಸ್ತಿಲು, ಗೋಧಿ ಬಿತ್ತುವ ಕಾಲ. ಇಲ್ಲಿ ಚಳಿ ಜೂನಿನಲ್ಲೇ ಬಂದು ಹೋಗಿತ್ತು. ಈಗ ಹಗಲು ಉದ್ದವಾಗುತ್ತಿತ್ತು, ಬಿಸಿಲು ಬೆನ್ನು ಸುಡುತ್ತಿತ್ತು. ಟ್ಯಾಮ್ಸಿನ್ ದಳಪತಿಗೆ ಹಾಗೆಂದು ಹೇಳಿಯೂ ಇದ್ದಳು. "ಕುರಿ ಕದ್ದವಳು ನನಗೆ ಪಂಚಾಂಗ ಓದಬೇಡ," ಎಂಬ ಉತ್ತರ ಸಿಕ್ಕಿತ್ತು.

"ಅಕ್ಕಾ, ಲಂಡನ್ನಿನಲ್ಲಿ ಜೇಬಿಂದ ತೆಗೆಯೋಕೆ ನಾನೇ ಗುರು," ಹಿಂದಿನಿಂದ ಮಣ್ಣೆಳೆಯುತ್ತಿದ್ದ ಮುದಿ ಜೇಬುಗಳ್ಳ ಜೆಮ್ ಪಿಸುಗುಟ್ಟಿದ. "ಜೇಬಿಗೆ ಹಾಕೋಕೆ ನೀನು."

"ಬಾಯಿ ಮುಚ್ಚು. ಮಣ್ಣೂ ಮುಚ್ಚು."

"ಏಯ್ ರಡ್ಜ್, ನಿಲ್ಲು!" ಕಾವಲಿನ ಸಾರ್ಜೆಂಟ್ ಒಬಡೈಯ ಕ್ರೂ ದಾಪುಗಾಲಿಟ್ಟು ಬಂದ. "ಆಚೆ ಬಾರ್ಲಿ ಬಿತ್ತಿದ ಕಡೆ ಬಿಳಿ ಗಿಳಿಗಳು ಸಂತೆ ನೆರೆದಿವೆ. ನಿನ್ನ ಹಿಂದೆ ಒಂದೂ ಇಲ್ವಲ್ಲ, ಯಾಕೆ?"

"ನನ್ನ ಮುಖ ನೋಡಿ ಹೆದರಿರ್ಬೇಕು, ಸಾಹೇಬ್ರೇ."

"ನನ್ ಮುಖಕ್ಕೇ ಹೆದರಿಲ್ಲ ಅವು."

ಬಂದೂಕಿನ ಹಿಡಿಯಿಂದ ಅವಳ ಲಂಗ ಒತ್ತಿದ. ಒಳಗೆ ಕಾಳು ಜರಜರನೆ ಸರಿಯಿತು. ಗುಡ್ಡದ ಮೇಲೆ ದಳಪತಿಯ ದುರ್ಬೀನು ಮಿಂಚಿತು.

ಅವಳು ಸಾರ್ಜೆಂಟನ ಕಡೆ ತಿರುಗಿದಳು. "ನೇಣು ಹಾಕ್ಸಿ. ಅದಕ್ಕೆ ಮುಂಚೆ ಒಂದು ಹೇಳಿ, ನಿಮ್ಮ ಡೇರೆ ಹಿಂದಿನ ಕೋಸು ಏನಾಯ್ತು?"

ಸಾರ್ಜೆಂಟನ ಮುಖ ಹುಳ್ಳಗಾಯಿತು. "ಗಡ್ಡೆ ಕಟ್ಟೋ ಮೊದ್ಲೇ ಹೂ ಬಿಡ್ತು, ದರಿದ್ರದ್ದು."

"ಗೋಧಿನೂ ಅಷ್ಟೇ. ಗೇಣುದ್ದ ಎದ್ದು ಸುಟ್ಟುಹೋಗುತ್ತೆ. ಆಮೇಲೆ ನೀವೂ ನಾವೂ ಒಂದೇ ಗುಂಡಿಲಿ ಮಲಗೋದು."

"ಮತ್ಯಾವಾಗ ಬಿತ್ತೋದು?"

"ಏಪ್ರಿಲ್. ಅಲ್ಲೀವರೆಗೆ ಈ ಬೀಜ ಮುಚ್ಚಿಡ್ಬೇಕು."

ದುರ್ಬೀನಿನ ಹೊಳಪು ಅವರ ಮೇಲೇ ನಿಂತಿತ್ತು. ಸಾರ್ಜೆಂಟ್ ಬಂದೂಕನ್ನು ನಿಧಾನವಾಗಿ ಹೆಗಲಿಗೇರಿಸಿದ, ಟೋಪಿ ಕಿತ್ತ. ಆಮೇಲೆ ಖಾಲಿ ಸಾಲಿನ ಉದ್ದಕ್ಕೂ ಟೋಪಿ ಬೀಸುತ್ತ ಓಡತೊಡಗಿದ. "ಹೋ! ಹುಶ್! ಹಾಳಾದವು, ಒಂದು ಕಾಳೂ ಬಿಡಲ್ಲ!"

ಜೆಮ್ ಬಾಯಿ ತೆರೆದ. "ಅಕ್ಕಾ, ಇಲ್ಲದ ಹಕ್ಕಿ ಓಡಿಸ್ತಿದಾನಲ್ಲ?"

"ನಾಳೆ ಮೊಳಕೆ ಬರದಿದ್ರೆ ಹಕ್ಕಿ ತಿಂತು ಅನ್ನೋಕೆ ಬೇಕಲ್ವೇನೋ. ಓಡು, ನೀನೂ ಓಡಿಸು!"

ಕೈಯನ್ನು ಅವಳು ಮತ್ತೆ ಚೀಲಕ್ಕಿಳಿಸಿದಳು.