ಎಡಗೈಯವನ ಗೋಡೆ

ನಮ್ಮ ನೆಲದಡಿಯ ರೈಲು ನಿಲ್ದಾಣವನ್ನು ನಾನು ಅಳೆದಷ್ಟು ಬೇರೆ ಯಾರೂ ಅಳೆದಿಲ್ಲ. ಸರ್ವೆ ನನ್ನ ಕಸುಬು, ಅನುಮಾನ ನನ್ನ ಹುಟ್ಟುಗುಣ. ನಿಲ್ದಾಣಕ್ಕೆ ಮೂರು ಅಂತಸ್ತು. ಮೇಲೆ ಟಿಕೆಟ್ ಹಾಲ್, ಅದರ ಕೆಳಗೆ ದಾರಿಗಳು ಕವಲೊಡೆಯುವ ನಡು ಅಂತಸ್ತು, ತಳದಲ್ಲಿ ಎರಡು ಪ್ಲಾಟ್‌ಫಾರ್ಮ್. ಮೂರನೆಯದೂ ಆಗಬೇಕಿತ್ತು. ಅಗೆದಲ್ಲೆಲ್ಲ ನೀರು ಉಕ್ಕಿ ಬಂದದ್ದರಿಂದ ಕೈಬಿಟ್ಟರು. ಅದಕ್ಕೆಂದು ನಡು ಅಂತಸ್ತಿನಲ್ಲಿ ಕೊರೆದಿದ್ದ ಅಡ್ಡದಾರಿಯೊಂದು ಹಾಗೇ ಉಳಿಯಿತು. ಇಪ್ಪತ್ತೆರಡು ಮೀಟರ್ ಉದ್ದ, ಎರಡು ತುದಿಗೆ ಎರಡು ಬಾಯಿ. ಒಂದು ಬಾಯಿ ಮುಚ್ಚಿ, ಇನ್ನೊಂದನ್ನು ಬಿಟ್ಟು, ಒಳಗೆ ಟೈಲ್ಸ್ ಹಾಕಿಸಿ ಉಗ್ರಾಣ ಮಾಡಬೇಕೆಂದು ಆಗ ತೀರ್ಮಾನವಾಗಿತ್ತು. ಈಗ ಹೋಗಿ ನೋಡಿದರೆ ಎರಡು ಬಾಯಿಗೂ ಗೋಡೆ. ಯಾಕೆಂದು ಕೇಳಿದರೆ ಕಚೇರಿಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಆ ಟೊಳ್ಳಿನಿಂದಾಗಿ ಮೇಲಿನ ಹಾಲ್ ಅದುರುತ್ತಿದೆ, ತೆಳು ಸಿಮೆಂಟ್ ಪಂಪ್ ಮಾಡಿ ತುಂಬಿಬಿಡೋಣ ಎಂದು ಈ ವರ್ಷ ಆದೇಶ ಬಂತು. ತುಂಬುವ ಮುಂಚೆ ನಾನು ಒಳಗನ್ನು ಪರೀಕ್ಷಿಸಿ ಒಂದು ಹಾಳೆಗೆ ಸಹಿ ಹಾಕಬೇಕು. ಅದರಲ್ಲಿ 'ಒಳಗಿರುವ ಕೆಲಸಗಾರರ ಸಂಖ್ಯೆ' ಎಂಬ ಸಾಲಿದೆ. ಅಲ್ಲಿ ಸೊನ್ನೆ ಬೀಳದೆ ಪಂಪು ಶುರುವಾಗುವಂತಿಲ್ಲ. ಇಪ್ಪತ್ತು ವರ್ಷದಿಂದ ಸೊನ್ನೆ ಬರೆದೂ ಬರೆದೂ ನನ್ನ ಕೈ ಈಗ ತಲೆಯನ್ನು ಕೇಳುವುದೇ ಇಲ್ಲ.

ಆದರೆ ಇದು ನಮ್ಮ ಮನೆಯವರೇ ಕಟ್ಟಿದ ನಿಲ್ದಾಣ. ನಕ್ಷೆ ಬರೆದವರು ಅಪ್ಪ. ಟೈಲ್ಸ್ ಹಾಕಿದವನು ಅಮ್ಮನ ತಮ್ಮ, ನನ್ನ ಸೋದರಮಾವ. ಕೆಲಸ ಕೊಡಿಸಿದ್ದೂ ಅಪ್ಪನೇ. ಮಾವ ಎಡಚ. ಉಳಿದವರು ಸಾಲನ್ನು ಎಡಮೂಲೆಯಿಂದ ಶುರು ಮಾಡಿದರೆ ಅವನು ಬಲಮೂಲೆಯಿಂದ. ಹಾಗಾಗಿ ಕತ್ತರಿಸಿದ ತುಂಡುಗಳು ಅವನ ಗೋಡೆಯಲ್ಲಿ ಮಾತ್ರ ಎಡಕ್ಕೆ ಬೀಳುತ್ತವೆ. ಪ್ರತಿ ಟೈಲನ್ನೂ ಗಾರೆ ಮೆತ್ತುವ ಕರಣೆಯ ಹಿಡಿಯಿಂದ ಟಕ್ ಟಕ್ ಎಂದು ಎರಡು ಸಲ, ಸ್ವಲ್ಪ ತಡೆದು ಇನ್ನೊಂದು ಸಲ ಬಡಿದು ಕಿವಿಗೊಡುವನು. ಸದ್ದು ಟೊಳ್ಳಾಗಿದ್ದರೆ ಕಿತ್ತು ಮತ್ತೆ ಹಾಕುವನು. ಮನೆಗೆ ಬಂದರೆ ನನ್ನ ತಲೆಯನ್ನೂ ಹಾಗೇ ಬೆರಳಲ್ಲಿ ಬಡಿದು, ಇದನ್ನೂ ಕಿತ್ತು ಮತ್ತೆ ಹಾಕಬೇಕು ಎಂದು ಅಮ್ಮನಿಗೆ ದೂರು ಹೇಳುತ್ತಿದ್ದ. ಆಗ ನನಗೆ ಒಂಬತ್ತು ವರ್ಷ.

ನಿಲ್ದಾಣದ ಉದ್ಘಾಟನೆಗೆ ನಾಲ್ಕು ದಿನವಿದ್ದಾಗ ಮಾವ ಮನೆಗೆ ಬರಲಿಲ್ಲ. ಅವನ ಚಪ್ಪಲಿ, ಊಟದ ಡಬ್ಬಿ ನಡು ಅಂತಸ್ತಿನ ಮೆಟ್ಟಿಲ ಮೇಲೆ ಸಿಕ್ಕವು. ಯಾರನ್ನೋ ಕಟ್ಟಿಕೊಂಡು ಓಡಿಹೋದ ಎಂದು ಜನ ಒಂದೇ ವಾರದಲ್ಲಿ ತೀರ್ಪು ಕೊಟ್ಟರು. ಊರ ಬಾಯಿಗೆ ಮುಚ್ಚಳ ಉಂಟೇ? ಓಡಿಹೋದವನ ಅಕ್ಕ ಎಂಬ ಹೆಸರು ಹೊತ್ತು ಅಮ್ಮ ಮೂವತ್ತೊಂದು ವರ್ಷ ತಲೆ ತಗ್ಗಿಸಿಯೇ ನಡೆದಳು. ಚಪ್ಪಲಿ ಬಿಟ್ಟು ಯಾರಾದರೂ ಓಡುತ್ತಾರಾ ಎಂದು ಅವಳು ಕೇಳಿದಾಗಲೆಲ್ಲ ಅಪ್ಪ ಎದ್ದು ಕೈ ತೊಳೆಯಲು ಹೋಗುತ್ತಿದ್ದರು.

ಮೊನ್ನೆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಮತ್ತು ಡ್ರಿಲ್ ಹಿಡಿಯುವವನು ಅಡ್ಡದಾರಿಯ ಬಲಬಾಯಿಯ ಗೋಡೆಯ ಮುಂದೆ ನಿಂತೆವು. ತಗಡಿನ ಮರೆಯ ಆಚೆ ಜನ ಎಂದಿನಂತೆ ರೈಲಿಗೆ ಓಡುತ್ತಿದ್ದರು. ತೆಳುವಾದ ಜಾಗ ಹುಡುಕಲು ಸುತ್ತಿಗೆಯ ಹಿಡಿಯಿಂದ ಗೋಡೆ ಬಡಿದೆ. ಒಳಗಿನಿಂದ ಉತ್ತರ ಬಂತು. ಟಕ್ ಟಕ್. ಆಮೇಲೆ ಟಕ್.

ರೈಲಿನ ಅದುರಾಟ ಎಂದ ಡ್ರಿಲ್ಲಿನವನು. ನಾನು ನೀರಿನ ಪೈಪು ಎಂದೆ. ಆದರೆ ಸದ್ದು ಒಂದು ಗೇಣು ಪಕ್ಕಕ್ಕೆ ಸರಿದು ಮತ್ತೆ ಬಂತು, ಇನ್ನೊಂದು ಗೇಣು ಸರಿದು ಮತ್ತೆ. ಆ ಕಾಲದ ಟೈಲಿನ ಅಗಲ ಸರಿಯಾಗಿ ಒಂದು ಗೇಣು. ಅವನು ಸದ್ದಿಲ್ಲದೆ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಕೂಲಿಗೆ ಬಂದವನು, ಸಾಯಲು ಬಂದವನಲ್ಲ.

ಬೈದು ತೂತು ಹಾಕಿಸಿ ಕ್ಯಾಮೆರಾದ ಕೇಬಲ್ ಒಳಗೆ ಬಿಟ್ಟೆ. ಪರದೆಯ ಮೇಲೆ ಬಿಳೀ ಟೈಲ್ಸ್ ಕಂಡಿತು. ನೆಲ, ಎರಡೂ ಬದಿ, ಚಾವಣಿ, ಒಂದಿಂಚೂ ಬಿಟ್ಟಿಲ್ಲ. ಕ್ಯಾಮೆರಾವನ್ನು ಹಿಂದಕ್ಕೆ ತಿರುಗಿಸಿದೆ. ನಾವು ನಿಂತಿದ್ದ ಗೋಡೆಗೂ ಒಳಬದಿಯಿಂದ ಟೈಲ್ಸ್ ಹಾಕಲಾಗಿತ್ತು. ಕತ್ತರಿಸಿದ ತುಂಡುಗಳು ಎಡಮೂಲೆಯಲ್ಲಿದ್ದವು. ಮನುಷ್ಯರಿಲ್ಲ, ಮೂಳೆಯೂ ಇಲ್ಲ. ಕೇಬಲ್ ಹೊರಗೆಳೆದಾಗ ಅದರ ಕುತ್ತಿಗೆಗೆ ಬಿಳೀ ಸಿಮೆಂಟ್ ಅಂಟಿತ್ತು. ಬೆರಳಿಗೆ ಹಸಿಯಾಗಿತ್ತು.

ಆ ಹೊತ್ತಿಗೆ ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. ನೇರ ನಕ್ಷೆಗಳ ಉಗ್ರಾಣಕ್ಕೆ ಹೋದೆ. ಅಡ್ಡದಾರಿಯ ಚಿಕ್ಕ ಹಾಳೆಗೆ ಎರಡು ಪ್ರಿಂಟ್ ಇದ್ದವು. ಆಗ ನಕ್ಷೆಯನ್ನು ಪಾರದರ್ಶಕ ಹಾಳೆಯ ಮೇಲೆ ಬರೆದು ಪ್ರಿಂಟ್ ತೆಗೆಯುತ್ತಿದ್ದರು, ಅಕ್ಷರಗಳನ್ನು ಆಮೇಲೆ ಪ್ರಿಂಟಿನ ಮೇಲೆ ಕೈಯಲ್ಲಿ ತುಂಬುತ್ತಿದ್ದರು. ಎರಡನೇ ಪ್ರಿಂಟ್ ತೆಗೆಯುವಾಗ ಹಾಳೆ ಮಗುಚಿ ಬಿದ್ದಿದೆ. ದಾರಿಯ ಎರಡು ತುದಿಯೂ ಒಂದೇ ಥರ ಇದ್ದುದರಿಂದ ಯಾರ ಕಣ್ಣಿಗೂ ಬಿದ್ದಿಲ್ಲ. ಆದರೆ ಮುಚ್ಚಬೇಕಾದ ಬಾಯಿಯ ಮೇಲಿನ ಇಂಟು ಗುರುತು ಒಂದರಲ್ಲಿ ಎಡಕ್ಕಿದೆ, ಇನ್ನೊಂದರಲ್ಲಿ ಬಲಕ್ಕೆ. ಬೆಳಗಿನ ತಂಡ ಇದನ್ನು ನೋಡಿ ಎಡಬಾಯಿ ಮುಚ್ಚಿದೆ, ಮಧ್ಯಾಹ್ನದ ತಂಡ ಅದನ್ನು ನೋಡಿ ಬಲಬಾಯಿ. ನೀರೆತ್ತುವ ಪಂಪುಗಳ ಗದ್ದಲದಲ್ಲಿ ಒಳಗೆ ಟೈಲ್ಸ್ ಹಾಕುತ್ತಿದ್ದ ಮಾವನ ಕೂಗು ಯಾರಿಗೆ ಕೇಳಬೇಕು? ಎರಡರ ಮೇಲೂ ಇದ್ದದ್ದು ಅಪ್ಪನ ಮುದ್ದಾದ ಅಕ್ಷರ.

ನಾನು ಮನೆಗೆ ಹೋದಾಗ ಅಪ್ಪ ಊಟ ಮುಗಿಸಿ ಕಿಟಕಿಯ ಬಳಿ ಕೂತಿದ್ದರು. ಎರಡೂ ಹಾಳೆಯನ್ನು ಅವರ ತೊಡೆಯ ಮೇಲಿಟ್ಟೆ. ಕನ್ನಡಕ ಹಾಕಿಕೊಳ್ಳಲೂ ಇಲ್ಲ.

"ಯಾವಾಗ ಗೊತ್ತಾಯ್ತು ನಿಮಗೆ?" ಎಂದೆ.

"ಮೂರನೇ ದಿನ. ಒಬ್ನೇ ಹೋಗಿ ಗೋಡೆಗೆ ಕಿವಿ ಕೊಟ್ಟೆ. ಬಡೀತಿದ್ದ." ಅವರ ದನಿ ಸಣ್ಣದಾಯಿತು. "ಮಾರನೇ ದಿನ ಉದ್ಘಾಟನೆ. ಗೋಡೆ ಒಡೆಸಿದ್ರೆ ನನ್ನ ತಪ್ಪು ಎಲ್ರಿಗೂ ಗೊತ್ತಾಗ್ತಿತ್ತು. ಅದೊಂದು ಮುಗೀಲಿ ಅಂದ್ಕೊಂಡೆ. ಆಮೇಲೆ ಹೋದಾಗ್ಲೂ ಬಡೀತಿದ್ದ. ತಿಂಗಳಾದ್ಮೇಲೂ, ವರ್ಷ ಆದ್ಮೇಲೂ. ಕೊನೆಗೆ ನಾನೇ ಹೋಗೋದು ಬಿಟ್ಟೆ."

ಆ ಮೂರನೇ ದಿನ ಬಡಿಯುತ್ತಿದ್ದವನು ಜೀವಂತವಾಗಿದ್ದ. ಹೆತ್ತ ಅಪ್ಪನ ಮೇಲೆ ಅಷ್ಟು ಅಸಹ್ಯ ಹುಟ್ಟಬಹುದೆಂದು ನನಗೆ ಗೊತ್ತಿರಲಿಲ್ಲ.

"ಸೊನ್ನೆ ಬರೆದ್ಬಿಡಮ್ಮ. ಅವನಿಗೂ ಮುಕ್ತಿ, ನನಗೂ ಮುಕ್ತಿ," ಎಂದರು.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಕೇಳಿಸಿತೋ ಗೊತ್ತಿಲ್ಲ. ಒಳಗೆ ಹೋಗಿ ಆ ಹಳೆಯ ಊಟದ ಡಬ್ಬಿಯನ್ನು ತಂದು, ಚಪ್ಪಲಿ ಮೆಟ್ಟಿ, ನಡಿ ಎಂದಳು.

ಪಂಪು ಅಂದೇ ನಾಲ್ಕು ಗಂಟೆಗಿತ್ತು. ನಾವು ತಲುಪಿದಾಗ ಪಂಪಿನವನು ಪೈಪನ್ನು ತೂತಿಗೆ ಜೋಡಿಸಿ, ನನ್ನ ಸಹಿಗಾಗಿ ಹಾಳೆ ಹಿಡಿದು ಕಾಯುತ್ತಿದ್ದ. ಗೋಡೆಯ ಒಳಗೆ ಬಡಿತ ಒಂದೇ ಸಮ ನಡೆದಿತ್ತು. ಅಮ್ಮ ಕೆನ್ನೆಯನ್ನು ಗೋಡೆಗೆ ಒತ್ತಿದಳು. ಅವಳ ಬೆನ್ನು ನೆಟ್ಟಗಾದದ್ದನ್ನು ನಾನು ಬುದ್ಧಿ ಬಂದ ಮೇಲೆ ಮೊದಲ ಸಲ ನೋಡಿದೆ.

"ಕೇಳಿಸ್ಕೊಂಡ್ಯಾ? ಓಡಿಹೋಗಿಲ್ಲ ನನ್ನ ತಮ್ಮ," ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ, ದಿನಾ ಕರೆಯುವ ದನಿಯಲ್ಲೇ ಕರೆದಳು. "ಸಾಕು ಬಾರೋ, ಊಟ ಆರಿಹೋಗುತ್ತೆ."

ಬಡಿತ ನಿಂತಿತು. ಒಳಗೆ ಕರಣೆಯನ್ನು ನೆಲದ ಮೇಲಿಟ್ಟ ಸದ್ದಾಯಿತು.

ನಾನು ಹಾಳೆ ಇಸಿದುಕೊಂಡು, ಒಳಗಿರುವ ಕೆಲಸಗಾರರ ಸಂಖ್ಯೆ ಎಂಬಲ್ಲಿ ಒಂದು ಎಂದು ಬರೆದು ಸಹಿ ಹಾಕಿದೆ.